ಪ್ರಸಾದ ತಿಂದ ಲೀಮರ್

ಬ್ರೂಮ್‌ಹಿಲ್

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಅರಮನೆಯ ಮುಂದೆ ಅಲ್ಲಾಡದೆ ನಿಲ್ಲುವ ಕಾವಲುಗಾರನ ಬಗ್ಗೆ ಬರೆಯುತ್ತಾರೆ. ನಾನು ಲಂಡನ್ನಿಗೆ ಹೋಗಲೇ ಇಲ್ಲ. ಮ್ಯಾಂಚೆಸ್ಟರಿನಲ್ಲಿ ವಿಮಾನ ಇಳಿದವಳು ಸೀದಾ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿರುವ ತಂಗಿಯ ಮನೆ ಸೇರಿದೆ, ಮೂರು ವಾರ ಅಲ್ಲಿ ಟೀ ಕುಡಿದೆ, ಒಂದು ಶನಿವಾರ ಒಂದು ಲೀಮರ್ ನೋಡಿದೆ, ವಾಪಸು ಬಂದೆ. ಇಷ್ಟಕ್ಕೆಲ್ಲ ಒಂದು ಪ್ರವಾಸ ಕಥನವೇ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಿಕೊಳ್ಳಬೇಕು. ಆ ಲೀಮರ್ ಒಂದು ಮದುವೆ ಮಾತುಕತೆಯ ನಡುವೆ ಕೈ ಹಾಕಿತು.

ತುಮಕೂರಿನ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ವರ್ಷ ವರ್ಷವೂ ಬೋರ್ಡಿನ ಮೇಲೆ ಲೀಮರಿನ ಚಿತ್ರ ಬರೆದಿದ್ದೇನೆ. ಜೀವಂತ ಲೀಮರನ್ನು ಒಮ್ಮೆಯೂ ಕಂಡಿರಲಿಲ್ಲ. ಅದರ ದೂರದ ನೆಂಟ ಕಾಡುಪಾಪ ನಮ್ಮ ಕಡೆಯ ಹುಣಸೆ ತೋಪುಗಳಲ್ಲೇ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ, ಅದನ್ನು ಬೇಕಾದಷ್ಟು ನೋಡಿದ್ದೆ. ಲೀಮರ್ ಮಾತ್ರ ಮಡಗಾಸ್ಕರ್ ಬಿಟ್ಟು ಬೇರೆ ಯಾವ ಕಾಡಿನಲ್ಲೂ ಇಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿ ಏನು ನೋಡಬೇಕು ಅಕ್ಕ ಎಂದು ತಂಗಿ ವಸುಧಾ ಕೇಳಿದಾಗ, ಲೀಮರ್ ತೋರಿಸು ಸಾಕು ಅಂದಿದ್ದೆ. ಈ ಮಾತನ್ನು ಅವಳು ಯಾವುದಕ್ಕೆ ಬಳಸಿಕೊಂಡಳು ಎನ್ನುವುದು ಆಮೇಲೆ ತಿಳಿಯಿತು.

ಬ್ರೂಮ್‌ಹಿಲ್ ಎಂದರೆ ಒಂದು ಏರು. ಎಲ್ಲಿಗೆ ಹೋಗಬೇಕಾದರೂ ಏರಬೇಕು, ವಾಪಸು ಬರುವಾಗಲೂ ಹೇಗೋ ಏರೇ ಇರುತ್ತದೆ. ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಆಸ್ಪತ್ರೆ. ಬೀದಿಯಲ್ಲಿ ಸಿಗುವವರು ನಿದ್ದೆಗೆಟ್ಟ ವಿದ್ಯಾರ್ಥಿಗಳು ಅಥವಾ ನಿದ್ದೆಗೆಟ್ಟ ಡಾಕ್ಟರುಗಳು. ಮೊದಲ ದಿನವೇ ಬಸ್ ಡ್ರೈವರ್ ನನ್ನನ್ನು ‘ಲವ್’ ಎಂದು ಕರೆದ. ಅರವತ್ತು ದಾಟಿದ ಮೇಲೆ ಇದೇನು ಗ್ರಹಚಾರವೆಂದು ನಾನು ಬೆಚ್ಚಿದೆ. ನಮ್ಮ ಕಂಡಕ್ಟರು ‘ಒಳಗೆ ಹೋಗಮ್ಮ’ ಅನ್ನುತ್ತಾನಲ್ಲ, ಅದೇ ಇದು ಎಂದು ವಸುಧಾ ಸಮಾಧಾನ ಹೇಳಿದಳು.

ಜೀವಮಾನವೆಲ್ಲ ವರ್ಗೀಕರಣ ಕಲಿಸಿದವಳು ನಾನು. ಗಣ, ಕುಟುಂಬ, ಕುಲ, ಪ್ರಭೇದ ಎಂದು ಪ್ರಾಣಿಗಳನ್ನು ಗೂಡಿಗೆ ಹಾಕುವುದು ನನ್ನ ಕಸುಬು. ಆದರೆ ಅಲ್ಲಿಯ ನಮ್ಮ ಕನ್ನಡದವರ ಮುಂದೆ ನಾನು ಏನೂ ಅಲ್ಲ. ಯುಗಾದಿ ಊಟವೊಂದಕ್ಕೆ ಕರೆದುಕೊಂಡು ಹೋಗಿದ್ದರು. ಹೊಸಬರೊಬ್ಬರು ಬಾಗಿಲು ದಾಟಿ ಚಪ್ಪಲಿ ಬಿಡುವಷ್ಟರಲ್ಲಿ ಅವರ ವರ್ಗೀಕರಣ ಮುಗಿದಿರುತ್ತದೆ. ಡಾಕ್ಟರೋ ಐಟಿಯೋ ಎಂಬುದು ಗಣ. ಡಾಕ್ಟರಾದರೆ ದೊಡ್ಡಾಸ್ಪತ್ರೆಯ ಕನ್ಸಲ್ಟೆಂಟೋ ಬಡಾವಣೆಯ ಕ್ಲಿನಿಕ್ಕಿನ ಜಿಪಿಯೋ ಎಂಬುದು ಕುಟುಂಬ. ಮನೆ ಯಾವ ಪೋಸ್ಟ್‌ಕೋಡಿನಲ್ಲಿ ಎಂದು ಕೇಳಿದರೆ ಕುಲವೂ ಗೊತ್ತಾಯಿತು. ಉಳಿದ ಸೂಕ್ಷ್ಮವನ್ನು ಅಡುಗೆಮನೆಯಲ್ಲಿ ಹೆಂಗಸರು ಮೆಲ್ಲಗೆ ಕೇಳಿ ತಿಳಿದುಕೊಳ್ಳುತ್ತಾರೆ. ಧಾರವಾಡದವರು ಕೂಡ ಅಲ್ಲಿ ಬೆಂಗಳೂರಿನ ಮಾತಾಡುತ್ತಿದ್ದರು, ಗೂಡು ತಪ್ಪೀತೆಂಬ ಭಯಕ್ಕೋ ಏನೋ.

ವಸುಧಾ ಜಿಪಿ, ಅವಳ ಗಂಡ ಶ್ರೀಧರ ಅರಿವಳಿಕೆ ಡಾಕ್ಟರು. ಮನೆಯಲ್ಲೂ ಆತನ ಮಾತು ಹಾಗೆಯೇ, ಆಡುವುದೇ ಅಪರೂಪ, ಆಡಿದರೆ ಕೇಳುತ್ತಾ ಕೂತವರಿಗೆ ನಿದ್ದೆ ಬರುತ್ತದೆ. ಅವರ ಒಬ್ಬಳೇ ಮಗಳು ನಿತ್ಯಾ ಅಲ್ಲೇ ಹುಟ್ಟಿ ಬೆಳೆದವಳು, ನಾಟಿಂಗ್‌ಹ್ಯಾಮಿನಲ್ಲಿ ಮಕ್ಕಳ ವಾರ್ಡಿನ ಡಾಕ್ಟರು. ಆಸ್ಪತ್ರೆಯ ಪಾಳಿಪಟ್ಟಿ ರೋಟಾ ಬಿಟ್ಟುಕೊಟ್ಟ ದಿನ ಮನೆಗೆ ಬಂದು ಸೋಫಾದ ಮೇಲೆ ಶೂ ಬಿಚ್ಚದೆ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ದೊಡ್ಡಮ್ಮ, ಶನಿವಾರ ಝೂ ಅಲ್ಲಿ ಒಬ್ಬ ಹುಡುಗ ಬರ್ತಾನೆ. ಕಾರ್ತಿಕ್ ಅಂತ. ಕೊವೆಂಟ್ರಿಯವ್ನು, ಕಾರ್ ಕಂಪನೀಲಿ ಎಂಜಿನಿಯರ್. ಅಮ್ಮ ನಿಮ್ಗೆ ಹೇಳಿಲ್ವಾ?”

“ಲೀಮರ್ ನೋಡೋಕೆ ಅಂದ್ಲಲ್ಲೇ?”

“ಲೀಮರ್ ನಿಮ್ಗೆ. ಹುಡುಗ ನಂಗೆ.” ಅವಳು ನಕ್ಕಳು. “ಐ ಆಮ್ ಸೋ ಟಯರ್ಡ್, ದೊಡ್ಡಮ್ಮ. ಪ್ರತಿ ವೀಕೆಂಡ್ ಒಂದೊಂದ್ ಫೋಟೋ. ಇವ್ನು ಪರವಾಗಿಲ್ಲ ಅನ್ಸಿದ್ರೆ ಎಸ್ ಅಂದ್ಬಿಡ್ತೀನಿ. ಮುಗಿದ್ಹೋಗ್ಲಿ.”

ಮುಗಿದುಹೋಗಲಿ ಎಂದು ಮಗು ಹೇಳಿದ್ದು ಮದುವೆಯ ಬಗ್ಗೆ. ಅಡುಗೆಮನೆಗೆ ಹೋಗಿ ವಸುಧಾಳನ್ನು ಕೇಳಿದರೆ ಅವಳು, “ಅಯ್ಯೋ ಅಕ್ಕ, ಹೆಣ್ಣು ನೋಡೋ ಶಾಸ್ತ್ರ ಎಲ್ಲ ಏನೂ ಅಲ್ಲ. ಕ್ಯಾಶುವಲ್ ಆಗಿ ಮೀಟ್ ಆಗೋದು” ಎನ್ನುತ್ತಾ ಕೇಸರಿಬಾತಿಗೆ ರವೆ ಹುರಿಯತೊಡಗಿದಳು.

ಮೋಟರ್‌ವೇ

ಆ ಪಾರ್ಕಿನ ಹೆಸರನ್ನು ಬರೆಯುವುದಿಲ್ಲ. ಶೆಫೀಲ್ಡಿಗೂ ಕೊವೆಂಟ್ರಿಗೂ ಮಧ್ಯೆ, ಎರಡು ಕಡೆಯವರಿಗೂ ಸಮಾನ ದೂರದಲ್ಲಿದೆ ಎಂಬ ಕಾರಣಕ್ಕೆ ಅದನ್ನು ಆರಿಸಿದ್ದರು. ಹೆಣ್ಣಿನ ಮನೆಗೆ ಗಂಡಿನವರು ಬಂದರೆ ಅದು ಶಾಸ್ತ್ರವಾಗುತ್ತದೆ. ನಡುದಾರಿಯಲ್ಲಿ, ಪ್ರಾಣಿಗಳ ಸಮ್ಮುಖದಲ್ಲಿ ಸಿಕ್ಕರೆ ಕ್ಯಾಶುವಲ್. ಉಪ್ಪಿಟ್ಟು, ಕೇಸರಿಬಾತು, ಬಾಳೆಕಾಯಿ ಚಿಪ್ಸು, ಫ್ಲಾಸ್ಕಿನಲ್ಲಿ ಕಾಫಿ, ವಸುಧಾಳ ಮೈಸೂರು ಸಿಲ್ಕಿನ ಸೀರೆಯ ಮೇಲೆ ಮಳೆಯ ಜಾಕೆಟ್ಟು, ಎಲ್ಲವೂ ಕ್ಯಾಶುವಲ್ಲಾಗಿ ಕಾರು ಹತ್ತಿದವು.

ದಾರಿಯುದ್ದಕ್ಕೂ ವಸುಧಾ ನನಗೆ ಬುದ್ಧಿ ಹೇಳಿದಳು. “ಅಕ್ಕ, ಅಲ್ಲಿ ಪಾಠ ಮಾಡ್ಬೇಡ. ಶಾರದಮ್ಮನವರು ಸ್ವಲ್ಪ ಹಳೇ ಕಾಲದವರು, ದೇವರು ದಿಂಡರು ಜಾಸ್ತಿ. ಅವರು ಏನಂದ್ರೂ ಹೂಂ ಅನ್ನು.” ಶಾರದಮ್ಮನವರೆಂದರೆ ಹುಡುಗನ ತಾಯಿ. ತಂದೆ ಇಲ್ಲ. ತಾಯಿ ಮಗ ಇಬ್ಬರೇ.

ಆ ದೇಶದ ಮೋಟರ್‌ವೇ ನೋಡಿದರೆ ನನಗೆ ಬೇಸರವಾಗುತ್ತದೆ. ಅಷ್ಟು ಗಾಡಿಗಳು ಒಂದರ ಹಿಂದೆ ಒಂದು ನಿಂತಿದ್ದವು, ಒಬ್ಬನೂ ಹಾರ್ನು ಹೊಡೆಯಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಯಾರಾದರೂ ಇಳಿದು ಬಂದು ಟ್ರಾಫಿಕ್ಕನ್ನು ತಾವೇ ವಹಿಸಿಕೊಳ್ಳುತ್ತಿದ್ದರು, ಸೌತೆಕಾಯಿ ಮಾರುವವನೂ ಬರುತ್ತಿದ್ದ. ಇಲ್ಲಿ ಎಲ್ಲರೂ ತಪ್ಪು ಮಾಡಿದವರ ಹಾಗೆ ಮುಂದೆ ನೋಡುತ್ತಾ ಕೂತಿದ್ದರು. ನಿತ್ಯಾ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದ್ದಳು.

ಎರಡು ಬಾಗಿಲು

ಕಾರ್ತಿಕ್ ನೋಡಲು ಲಕ್ಷಣವಾಗಿದ್ದ. ಕಾರಿನ ಬಾಗಿಲು ತೆಗೆದ, ನನ್ನ ಚೀಲ ಹಿಡಿದುಕೊಂಡ, ನಿತ್ಯಾಳ ಹತ್ತಿರ ನಾಟಿಂಗ್‌ಹ್ಯಾಮಿನ ಟ್ರ್ಯಾಮುಗಳ ಬಗ್ಗೆ ಮಾತಾಡಿ ಅವಳನ್ನು ನಗಿಸಿದ. ಸುಳ್ಳು ಹೇಳಬಾರದು, ನನಗೂ ಇಷ್ಟವಾದ. ಶಾರದಮ್ಮನವರು ಕೈಯಲ್ಲೊಂದು ದೊಡ್ಡ ಡಬ್ಬಿ ಹಿಡಿದಿದ್ದರು. ನೋಡಿದರೆ ಅವರೂ ಕೇಸರಿಬಾತು ಮಾಡಿ ತಂದಿದ್ದರು. ಎರಡೂ ಕಡೆಯವರು ಪರಸ್ಪರರ ಕೇಸರಿಬಾತನ್ನು ನೋಡಿ, ಇದು ಶಾಸ್ತ್ರವಲ್ಲವೆಂದು ಇನ್ನೊಮ್ಮೆ ಹೇಳಿಕೊಂಡರು.

ಲೀಮರುಗಳಿರುವ ಜಾಗಕ್ಕೆ ನಾವೇ ಒಳಗೆ ನಡೆದುಹೋಗಬಹುದು. ಅವುಗಳಿಗೂ ನಮಗೂ ಮಧ್ಯೆ ಕಂಬಿ ಇಲ್ಲ. ಅದಕ್ಕೇ ಎರಡು ಬಾಗಿಲು. ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೆಗೆಯುತ್ತಾರೆ. ಮೊದಲ ಬಾಗಿಲಲ್ಲಿ ಎಮ್ಮಾ ಎಂಬ ಹುಡುಗಿ ನಿಂತಿದ್ದಳು, ಲೀಮರುಗಳನ್ನು ನೋಡಿಕೊಳ್ಳುವವಳು. ತಿನ್ನುವ ಪದಾರ್ಥ ಏನಿದ್ದರೂ ಇಲ್ಲಿಟ್ಟು ಹೋಗಿ, ಒಂದು ಬಿಸ್ಕತ್ತೂ ಒಳಗೆ ಬೇಡ ಎಂದಳು. ಡಬ್ಬಿಗಳು, ಫ್ಲಾಸ್ಕು, ಚಿಪ್ಸಿನ ಚೀಲ ಕಪಾಟು ಸೇರಿದವು. ಮತ್ತೇನಾದರೂ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಕಾರ್ತಿಕ್ ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಶಾರದಮ್ಮನವರು ಇಲ್ಲವೆಂದು ತಲೆಯಾಡಿಸಿದರು.

ಒಳಗೆ ಹೋಗಿ ನಾನು ನಿಂತುಬಿಟ್ಟೆ. ತಲೆಯ ಮೇಲೆಯೇ ಒಂದು ಹಗ್ಗದ ಮೇಲೆ ಅದು ಕೂತಿತ್ತು. ಬೋರ್ಡಿನ ಮೇಲೆ ಬರೆದದ್ದೆಲ್ಲ ದಂಡ. ಮೈಯೆಲ್ಲ ಇಟ್ಟಿಗೆಯ ಕೆಂಪು. ಮುಖ, ಅಂಗೈ, ಅಂಗಾಲು, ಬಾಲ ಕಪ್ಪು. ಕತ್ತಿನ ಹಿಂದೆ ಒಂದು ಬಿಳಿ ಮಚ್ಚೆ. ಕೆನ್ನೆಯ ಸುತ್ತ ಕೆಂಪು ಜೂಲು. ಇಂಗ್ಲಿಷಿನವರು ಇದನ್ನು ರೆಡ್ ರಫ್ಡ್ ಲೀಮರ್ ಎನ್ನುತ್ತಾರೆ. ಮಡಗಾಸ್ಕರಿನ ಈಶಾನ್ಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ತುಂಡು ಮಳೆಕಾಡಿದೆ. ಅದನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇದು ಕಾಡಿನಲ್ಲಿ ಬದುಕಿಲ್ಲ. ಎತ್ತರದ ಮರಗಳ ನೆತ್ತಿಯಲ್ಲೇ ಇದರ ಸಂಸಾರ, ಹಣ್ಣು ಇದರ ಊಟ. ಆ ಮರಗಳನ್ನು ಕಡಿಯುತ್ತಾ ಬಂದಿದ್ದಾರೆ. ಅಂಥ ಪ್ರಾಣಿ ಇಂಗ್ಲೆಂಡಿನ ಮೋಡದ ಕೆಳಗೆ, ಬಿಸಿ ಬಲ್ಬಿನ ಮುಂದೆ ಎರಡು ಕೈ ಚಾಚಿ, ಹೊಟ್ಟೆ ಕಾಯಿಸುತ್ತಾ ಕೂತಿತ್ತು. ಬ್ರೂಮ್‌ಹಿಲ್‌ನಲ್ಲಿ ಬಿಸಿಲು ಬಿದ್ದ ದಿನ ಪಕ್ಕದ ಮನೆಯ ಮುದುಕರು ಅಂಗಿ ಬಿಚ್ಚಿ ಕೂರುತ್ತಿದ್ದುದು ಥೇಟು ಹೀಗೆಯೇ. ನನಗೆ ಕಣ್ಣು ತುಂಬಿ ಬಂತು, ಯಾರಿಗೂ ಕಾಣದ ಹಾಗೆ ಒರೆಸಿಕೊಂಡೆ.

“ಕೋತಿ ಚೆನ್ನಾಗಿದೆ” ಎಂದರು ಶಾರದಮ್ಮನವರು.

“ಇದು ಕೋತಿ ಅಲ್ಲ” ಎಂದೆ. ವಸುಧಾ ನನ್ನ ಜಾಕೆಟ್ಟಿನ ತುದಿ ಎಳೆದಳು.

“ಕೋತಿ ಅಲ್ದೆ ಇನ್ನೇನ್ರೀ? ಕಪ್ಪು ಮುಖ, ಉದ್ದ ಬಾಲ. ನಮ್ಮ ಮುಸುವ ಇದ್ದಂಗೇ ಇದೆ.”

ತಡೆಯಲಾಗಲಿಲ್ಲ. ನಾಯಿಯ ಹಾಗೆ ಒದ್ದೆ ಮೂಗು ನೋಡಿ, ಕೋತಿಗೆ ಅದಿಲ್ಲ ಎಂದೆ. ಕೆಳಗಿನ ಮುಂದಿನ ಹಲ್ಲುಗಳು ಬಾಚಣಿಗೆಯ ಹಾಗೆ ಮುಂದಕ್ಕೆ ಚಾಚಿರುತ್ತವೆ, ಅದರಲ್ಲೇ ಕೂದಲು ಬಾಚಿಕೊಳ್ಳುತ್ತದೆ ಎಂದೆ. ಹಿಂಗಾಲಿನ ಎರಡನೆಯ ಬೆರಳಲ್ಲಿ ಮೈ ಕೆರೆಯಲಿಕ್ಕೆಂದೇ ಒಂದು ಉಗುರಿದೆ, ನಮ್ಮ ಕಾಡುಪಾಪಕ್ಕೂ ಇದೆ, ಮುಸುವಕ್ಕಿಲ್ಲ ಎಂದೆ. ಮೊದಲು ಇದನ್ನೂ ಕಪ್ಪು-ಬಿಳುಪು ಬಣ್ಣದ ಅದರ ನೆಂಟನನ್ನೂ ಒಂದೇ ಪ್ರಭೇದದ ಎರಡು ಬಗೆ ಎಂದು ಲೆಕ್ಕ ಹಿಡಿದಿದ್ದರು, ಆಮೇಲೆ ಬೇರೆ ಬೇರೆ ಪ್ರಭೇದ ಎಂದು ಬೇರ್ಪಡಿಸಿದರು ಎಂದೆ. “ನಮ್ಮ ಕನ್ನಡ ಸಂಘ ಒಡೆದು ಎರಡಾದ ಹಾಗೆ” ಎಂದ ಶ್ರೀಧರ. ಆ ದಿನ ಆತ ಆಡಿದ ಮೊದಲ ಮಾತು ಅದು.

“ಏನೇ ಆಗ್ಲಿ, ಆಂಜನೇಯನ ಅಂಶ ಅಲ್ವಾ” ಎಂದು ಶಾರದಮ್ಮನವರು ನನ್ನ ವರ್ಗೀಕರಣವನ್ನು ಪಕ್ಕಕ್ಕಿಟ್ಟರು.

ಎಮ್ಮಾ ಹತ್ತಿರ ಬಂದು ಈ ಹೆಣ್ಣಿನ ಹೆಸರು ರೂಬಿ ಎಂದಳು. ರೂಬಿಗೆ ಇಲ್ಲಿ ಬಾಳೆಹಣ್ಣು ಕೂಡ ಇಲ್ಲವಂತೆ. ಅಂಗಡಿಯ ಹಣ್ಣು ಕಾಡಿನ ಹಣ್ಣಿಗಿಂತ ಸಿಹಿ ಜಾಸ್ತಿ, ಮೈ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೇ ಬೇಯಿಸಿದ ತರಕಾರಿ ಕೊಡುತ್ತಾರೆ. ವಸುಧಾಳೂ ಶ್ರೀಧರನೂ ಗಂಭೀರವಾಗಿ ತಲೆಯಾಡಿಸಿದರು. ಅವರಿಬ್ಬರ ಊಟವೂ ಅದೇ.

ರೂಬಿಗೆ ಒಂದು ಗಂಡನ್ನು ಬೇರೆ ದೇಶದ ಝೂನಿಂದ ತರಿಸುತ್ತಿದ್ದಾರಂತೆ. ಯಾವ ಗಂಡು ಯಾವ ಹೆಣ್ಣಿಗೆ ಎಂದು ಎಲ್ಲ ಝೂಗಳ ಪರವಾಗಿ ಒಬ್ಬರು ಕೂತು ವಂಶಾವಳಿ ನೋಡಿ ಹೇಳುತ್ತಾರೆ, ಹತ್ತಿರದ ರಕ್ತಸಂಬಂಧ ಆಗಬಾರದು.

“ನೋಡಿ, ಇವರಲ್ಲೂ ಸಗೋತ್ರ ಆಗಲ್ಲ” ಎಂದು ಶಾರದಮ್ಮನವರಿಗೆ ಬಹಳ ಸಂತೋಷವಾಯಿತು.

ನಿತ್ಯಾ ಎಮ್ಮಾಳನ್ನು ಕೇಳಿದಳು, ಅವಳಿಗೆ ಆ ಗಂಡು ಇಷ್ಟವಾಗದಿದ್ದರೆ?

“ವಾಪಸು ಕಳಿಸುತ್ತೇವೆ” ಎಂದಳು ಎಮ್ಮಾ. “ಇವುಗಳಲ್ಲಿ ಹೆಣ್ಣಿನದೇ ಮಾತು. ಊಟಕ್ಕೂ ಅವಳೇ ಮೊದಲು, ಗಂಡು ಕಾಯಬೇಕು.”

ಶಾರದಮ್ಮನವರಿಗೆ ಅದನ್ನು ಕಾರ್ತಿಕ್ ಅನುವಾದಿಸಲಿಲ್ಲ.

ಲೀಮರಿನ ಮನೆ

ಆಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು. ಎಮ್ಮಾ ಇನ್ನೊಂದು ಕುಟುಂಬದ ಮಕ್ಕಳ ಕಡೆ ಹೋದಳು. ರೂಬಿ ಹಗ್ಗದಿಂದ ಇಳಿದು, ಶಾರದಮ್ಮನವರ ಮುಂದಿನ ಮರದ ದಿಮ್ಮಿಯ ಮೇಲೆ ಬಂದು ಕೂತಿತು. ಅವರು ಸುತ್ತ ನೋಡಿದರು. ಶಾಲಿನೊಳಗಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ಹೊರಗೆ ಬಂತು.

“ಅಮ್ಮಾ, ನೋ” ಎಂದ ಕಾರ್ತಿಕ್, ಮೆಲ್ಲಗೆ.

“ತಿಂಡಿ ತರಬೇಡಿ ಅಂದ್ರು ಅಷ್ಟೇ ಕಣೋ. ಇದು ತಿಂಡಿ ಅಲ್ಲ, ಪ್ರಸಾದ. ಶನಿವಾರ ಸ್ವಾಮಿ ತಾನಾಗಿ ಎದುರಿಗೆ ಬಂದು ಕೂತಿದ್ದಾನೆ, ಬರಿಗೈಲಿ ಹೋಗೋದಾ?”

ಅವರ ಮಟ್ಟಿಗೆ ಇದರಲ್ಲಿ ಸುಳ್ಳೂ ಇರಲಿಲ್ಲ, ಕಳ್ಳತನವೂ ಇರಲಿಲ್ಲ. ಏಕಾದಶಿಯ ದಿನ ತಟ್ಟೆ ತುಂಬ ಅವಲಕ್ಕಿ, ಉಪ್ಪಿಟ್ಟು ತಿಂದು ಉಪವಾಸ ಎನ್ನುವ ಜನ ನಾವು. ಪ್ರಸಾದವನ್ನು ತಿಂಡಿಯ ಗಣದಲ್ಲಿ ಸೇರಿಸುವುದು ನಮ್ಮಿಂದ ಆಗದ ಕೆಲಸ. ಅಂಗೈ ಮೇಲೆ ಒಂದು ತುತ್ತು ಕೇಸರಿಬಾತು ಇಟ್ಟು ಚಾಚಿದರು. ರೂಬಿ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು ತಿಂದಿತು, ಬೆರಳ ಸಂದಿಯನ್ನೂ ನೆಕ್ಕಿತು. ಇನ್ನೊಂದು ತುತ್ತು ಕೊಟ್ಟರು. ಬೇಯಿಸಿದ ತರಕಾರಿಯ ಮೇಲೆ ಬದುಕಿದ್ದ ಜೀವ, ಬಿಡುತ್ತದೆಯೇ? ಶಾರದಮ್ಮನವರ ಕಣ್ಣಲ್ಲಿ ನೀರು ಬಂತು. “ಹಿಡ್ಕೋಮ್ಮ” ಎಂದು ಡಬ್ಬಿಯನ್ನು ನಿತ್ಯಾಳ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಕೈ ಮುಗಿದರು.

ಎಮ್ಮಾ ತಿರುಗಿದ್ದು ಆಗಲೇ. ಅವಳಿಗೆ ಕಂಡದ್ದು ಇಷ್ಟು: ಬಾಯಿ ಒರೆಸಿಕೊಳ್ಳುತ್ತಿದ್ದ ರೂಬಿ, ಪ್ರಾರ್ಥನೆಯಲ್ಲಿರುವ ಹಿರಿಯ ಮಹಿಳೆ, ತೆರೆದ ಡಬ್ಬಿ ಹಿಡಿದು ನಿಂತ ನಿತ್ಯಾ.

ಇಂಗ್ಲಿಷಿನವರಿಗೆ ಕೋಪ ಬಂದರೆ ದನಿ ಇನ್ನೂ ಮೆತ್ತಗಾಗುತ್ತದೆ. “ಕ್ಷಮಿಸಿ, ಯಾರಾದರೂ ಅಕಸ್ಮಾತ್ತಾಗಿ ಅವಳಿಗೆ ಏನಾದರೂ ಕೊಟ್ಟಿರಾ?” ಎಂದು ಕೇಳಿದಳು. ನಾನು ಬಾಯಿ ತೆರೆದೆ. ವಸುಧಾ ನನ್ನ ತೋಳನ್ನು ಜಿಗುಟಿದ ಜಾಗ ಮಾರನೆಯ ದಿನವೂ ನೀಲಿಯಾಗಿತ್ತು.

ಕಾರ್ತಿಕ್ ಮುಂದೆ ಬಂದ. ಬಹಳ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದ: “ಬೇಕೆಂದು ಮಾಡಿದ್ದಲ್ಲ. ನಿತ್ಯಾಳ ಡಬ್ಬಿ ತೆರೆದುಕೊಂಡಿತ್ತು ಅಂತ ಕಾಣುತ್ತದೆ.”

ನಿತ್ಯಾ ಅವನ ಮುಖ ನೋಡಿದಳು. ಆಮೇಲೆ ಕೈ ಮುಗಿದು ನಿಂತಿದ್ದ ಶಾರದಮ್ಮನವರನ್ನು ನೋಡಿದಳು.

“ಸಾರಿ. ನಂದೇ ತಪ್ಪು” ಎಂದಳು.

ಅದರಲ್ಲಿ ಏನೇನಿದೆ ಎಂದು ಎಮ್ಮಾ ಕೇಳಿದಳು. ನಿತ್ಯಾ ತಮ್ಮ ಮನೆಯ ಕೇಸರಿಬಾತಿನ ಲೆಕ್ಕದಲ್ಲೇ ಹೇಳಿದಳು: ರವೆ, ಸಕ್ಕರೆ, ತುಪ್ಪ, ಗೋಡಂಬಿ, ಹಣ್ಣು. ಎಮ್ಮಾ ಅವಳನ್ನು ಎರಡು ಬಾಗಿಲು ದಾಟಿಸಿ ಹೊರಗೆ ಬಿಟ್ಟು, ಇವತ್ತು ನೀವು ಮತ್ತೆ ಒಳಗೆ ಬರುವಂತಿಲ್ಲ ಎಂದಳು. ನಮ್ಮ ಹುಡುಗಿ ಗಾಜಿನ ಆಚೆ ಒಬ್ಬಳೇ ನಿಂತಿದ್ದಳು. ಅವಳನ್ನು ಆ ಕಡೆ ಇಟ್ಟು ಈ ಕಡೆ ಲೀಮರ್ ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ.

ಪಿಕ್‌ನಿಕ್ ಮೇಜು

ಹೊರಗಿನ ಮರದ ಮೇಜಿನ ಸುತ್ತ ಕೂತೆವು. ಚಳಿಗಾಳಿ, ಕಾಗದದ ತಟ್ಟೆಗಳು ಹಾರುತ್ತಿದ್ದವು. ಶಾರದಮ್ಮನವರ ಮುಖ ಹಬ್ಬವಾಗಿತ್ತು. ನಿತ್ಯಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ತಲೆ ಸವರಿದರು.

“ವಸುಧಾ, ನನಗೆ ಇನ್ನೇನೂ ನೋಡೋದು ಬೇಕಿಲ್ಲ. ನನ್ನ ಮರ್ಯಾದೆ ಹೋಗುತ್ತೆ ಅಂತ ಗೊತ್ತಾದ ತಕ್ಷಣ ತನ್ನ ಮೇಲೆ ಹಾಕ್ಕೊಂಡ್ಳಲ್ಲ, ಇಂಥ ಹುಡುಗಿ ಎಲ್ಲಿ ಸಿಗ್ತಾಳೆ! ಎಷ್ಟು ಹೊಂದ್ಕೊಂಡು ಹೋಗ್ತಾಳೆ!”

ವಸುಧಾಳ ಕಣ್ಣು ಹೊಳೆಯಿತು. ಹೊಂದಿಕೊಂಡು ಹೋಗುವ ಹುಡುಗಿ! ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬಳು ಹೊತ್ತುಕೊಂಡರೆ ಅದಕ್ಕೆ ನಾವು ಇಟ್ಟಿರುವ ಹೆಸರು ಅದು. ಇಲ್ಲಿಯವರು ಆ ಹೆಸರನ್ನೂ ಸಮುದ್ರ ದಾಟಿಸಿ ತಂದು, ಸೆಂಟ್ರಲ್ ಹೀಟಿಂಗ್ ಹಾಕಿಸಿ, ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನನಗೆ ಮೈ ಉರಿಯಿತು. ಮುಗಿದುಹೋಗಲಿ ಎಂಬ ಆ ಸುಸ್ತು ನಿತ್ಯಾಳ ಮುಖದಲ್ಲಿ ಮತ್ತೆ ಕಂಡಿತು. ಈಗ ಹೂಂ ಅಂದುಬಿಡುತ್ತಾಳೆ ಎಂದುಕೊಂಡೆ.

ಶಾರದಮ್ಮನವರು ತಮ್ಮ ದೊಡ್ಡ ಡಬ್ಬಿಯಿಂದ ಕೇಸರಿಬಾತು ಬಡಿಸಿದರು. ನಿತ್ಯಾ ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿದಳು.

“ಆಂಟಿ, ಇದ್ರಲ್ಲಿ ಕರ್ಪೂರ ಇದ್ಯಾ?”

“ಪಚ್ಚಕರ್ಪೂರಮ್ಮ. ಪ್ರಸಾದಕ್ಕೆ ಹಾಕ್ಲೇಬೇಕು. ಘಮ್ಮಂತಿದೆ ಅಲ್ವಾ?”

“ಚಿಕ್ಕ ಡಬ್ಬೀಲಿ ಇದ್ದದ್ದೂ ಇದೇನಾ?”

“ಇದರಿಂದ್ಲೇ ತೆಗೆದಿದ್ದು.”

ನಿತ್ಯಾ ಚಮಚ ಕೆಳಗಿಟ್ಟಳು. ಸುಸ್ತಿನ ಮುಖ ಹೋಗಿ ವಾರ್ಡಿನ ಮುಖ ಬಂತು. “ಕಾರ್ತಿಕ್, ಅದು ಮೂರು ನಾಲ್ಕು ಕೆಜಿ ಪ್ರಾಣಿ. ನಮ್ಮ ವಾರ್ಡಿಗೆ ಒಂದು ಮಗು ದೇವರ ಮನೆಯ ಕರ್ಪೂರ ತಿಂದು ಫಿಟ್ಸ್ ಬಂದು ಬಂದಿತ್ತು. ನಾನು ಎಮ್ಮಾಗೆ ತಪ್ಪು ಹೇಳಿದೀನಿ. ನೀನು ಹೋಗಿ ಹೇಳು, ಇದು ನಮ್ಮನೇದು, ಇದ್ರಲ್ಲಿ ಕ್ಯಾಂಫರ್ ಇದೆ ಅಂತ. ವೆಟ್‌ಗೆ ಗೊತ್ತಾಗ್ಬೇಕು.”

“ಚಿಟಿಕೆ ಅಷ್ಟೇ ಇರುತ್ತೆ” ಎಂದು ಕಾರ್ತಿಕ್ ನಕ್ಕ. “ಇಟ್ಸ್ ಸಾರ್ಟೆಡ್, ನಿತ್ಯಾ. ಈಗ ಹೋಗಿ ಹೇಳಿದ್ರೆ ಅಮ್ಮಂಗೆ ಎಷ್ಟು ಅವಮಾನ. ನೀನು ಹೇಗಿದ್ರೂ ಸಾರಿ ಹೇಳಿಯಾಯ್ತಲ್ಲ.”

“ನಾನು ಹೇಳ್ದೇ ಇದ್ದಿದ್ರೆ?”

“ಹೇಳಿದ್ಯಲ್ಲ” ಎಂದ ಅವನು. ನಿಜವಾಗಿಯೂ ಅವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಕೆಟ್ಟವನಲ್ಲ ಅವನು. ಚೀಲ ಹಿಡಿದುಕೊಳ್ಳುವವನು. ಭಾರದ ಚೀಲವನ್ನು ಮಾತ್ರ ಪಕ್ಕದವರ ಕೈಗೆ ಕೊಟ್ಟು ಅಭ್ಯಾಸ.

ನಿತ್ಯಾ ಎದ್ದು ನಡೆದಳು, ನಾನೂ ಹಿಂದೆಯೇ ಓಡಿದೆ. ಎಮ್ಮಾಗೆ ಅವಳು ಸುತ್ತುಬಳಸು ಇಲ್ಲದೆ ಹೇಳಿದಳು: ಡಬ್ಬಿ ನನ್ನದಲ್ಲ, ಕೊಟ್ಟದ್ದು ನಾನಲ್ಲ, ಆಗ ಸುಳ್ಳು ಹೇಳಿದೆ, ಅದರಲ್ಲಿ ಕರ್ಪೂರ ಇದೆ. ಎಮ್ಮಾಳ ಮುಖದ ಬಣ್ಣ ಹೋಯಿತು. ವಾಕಿಟಾಕಿಯಲ್ಲಿ ಪ್ರಾಣಿಗಳ ವೆಟ್ ಡಾಕ್ಟರ ಹತ್ತಿರ ಮಾತಾಡಿ, ಎಷ್ಟು ಹಾಕಿದ್ದರು ಎಂದು ಕೇಳಿದಳು. ನಾವು ಮೂವರೂ ಮೇಜಿನ ಹತ್ತಿರ ಬಂದೆವು.

“ಎಷ್ಟು ಗ್ರಾಂ?” ಎಂದಳು ಎಮ್ಮಾ.

“ಚಿಟಿಕೆ” ಎಂದರು ಶಾರದಮ್ಮನವರು, ತಲೆ ಎತ್ತದೆ.

ಚಿಟಿಕೆಗೆ ಗ್ರಾಂ ಎಷ್ಟು ಎಂದು ನಮ್ಮಲ್ಲಿ ಯಾರಿಗೆ ಗೊತ್ತು? ನಿತ್ಯಾ ಉಪ್ಪಿನ ಪೊಟ್ಟಣವನ್ನು ಹರಿದು ಕಾಗದದ ಕರವಸ್ತ್ರದ ಮೇಲೆ ಸುರಿದು, “ಆಂಟಿ, ಬೆಳಿಗ್ಗೆ ಹಾಕಿದ್ರಲ್ಲ, ಅಷ್ಟನ್ನ ಇದ್ರಲ್ಲಿ ತೆಗೆದು ತೋರ್ಸಿ” ಎಂದಳು. ಶಾರದಮ್ಮನವರು ಬೆರಳನ್ನು ಶಾಲಿಗೆ ಒರೆಸಿಕೊಂಡು ಒಂದು ಚಿಟಿಕೆ ತೆಗೆದು ಪಕ್ಕಕ್ಕೆ ಹಾಕಿದರು. ಎಮ್ಮಾ ಆ ಚಿಟಿಕೆಯನ್ನು ಮಡಚಿ ಹಿಡಿದು ತೂಗಲು ಓಡಿದಳು. ಆ ಬೆರಳು ನೋಡಿ ನನಗೆ ಶಾರದಮ್ಮನವರ ಮೇಲೂ ಮರುಕ ಬಂತು. ಅವರು ಆಂಜನೇಯನಿಗೆ ಪ್ರಸಾದ ಕೊಟ್ಟಿದ್ದರು. ಅದು ಹೋಗಿ ಹೋಗಿ ಕೋತಿಯೂ ಅಲ್ಲದ ಒಂದು ಪ್ರಾಣಿಗೆ ಸೇರಿತ್ತು.

ಮರುಕ ಬಹಳ ಹೊತ್ತು ಉಳಿಯಲು ಅವರು ಬಿಡಲಿಲ್ಲ. ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಾ ವಸುಧಾಳಿಗೆ ಹೇಳಿದರು: “ಹುಡುಗಿ ಒಳ್ಳೇವ್ಳೇ. ಆದ್ರೆ ಹಿರಿಯರನ್ನ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳೋದು ನಮ್ಮ ಕಡೆ ಇಲ್ಲ.” ಕಾರ್ತಿಕ್ ನನ್ನ ಚೀಲವನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ನಮಸ್ಕಾರ ಮಾಡಿ, ತಾಯಿಯ ಹಿಂದೆ ನಡೆದ.

ವಾಪಸು ಬರುವಾಗ ಕಾರಿನಲ್ಲಿ ವಸುಧಾ ಅತ್ತಳು. ನಿತ್ಯಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಪಾರ್ಕಿನವರ ಕರೆಗೆ ಕಾಯುತ್ತಿದ್ದಳು. ದಾರಿಯುದ್ದಕ್ಕೂ ಅದು ಬರಲಿಲ್ಲ.

ಮತ್ತೆ ಬ್ರೂಮ್‌ಹಿಲ್

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಎಮ್ಮಾಳ ಕರೆ ಬಂತು. ರೂಬಿಗೆ ಏನೂ ಆಗಿಲ್ಲ, ಎಲ್ಲರಿಗಿಂತ ಮೊದಲು ಬಂದು ಊಟ ಮಾಡಿದೆ ಎಂದಳು. ನಿಜ ಹೇಳಿದ್ದರಿಂದ ಯಾವುದನ್ನು ಗಮನಿಸಬೇಕೆಂದು ವೆಟ್‌ಗೆ ತಿಳಿಯಿತು, ಥ್ಯಾಂಕ್ಯೂ ಎಂದಳು. ನಿತ್ಯಾ ಫೋನ್ ಇಟ್ಟು ಜೋರಾಗಿ ಉಸಿರು ಬಿಟ್ಟಳು. ರಾತ್ರಿಯೆಲ್ಲ ಅವಳು ನಿದ್ದೆ ಮಾಡಿರಲಿಲ್ಲ ಎಂದು ಆ ಉಸಿರಿನಲ್ಲಿ ಗೊತ್ತಾಯಿತು.

ಎರಡನೆಯ ದೋಸೆಗೆ ಶ್ರೀಧರನ ಫೋನಿಗೆ ಕೊವೆಂಟ್ರಿಯಿಂದ ಶಾರದಮ್ಮನವರ ಮೆಸೇಜ್ ಬಂತು. ಆತ ಗಟ್ಟಿಯಾಗಿ ಓದಿದ. ಆದದ್ದು ಆಯಿತು, ನಮ್ಮ ಕಾರ್ತಿಕ್‌ಗೆ ಹುಡುಗಿ ಒಪ್ಪಿಗೆಯಾಗಿದ್ದಾಳೆ. ಅವಳು ನನಗೆ ಫೋನ್ ಮಾಡಿ ಒಂದು ‘ಸಾರಿ’ ಅಂದರೆ ಮುಂದಿನ ಮಾತು ಆಡಬಹುದು.

ವಸುಧಾಳ ಮುಖ ಅರಳಿತು. “ಒಂದ್ ಸಾರಿ ತಾನೇ ಪುಟ್ಟಿ! ಈ ಊರಲ್ಲಿ ಲೈಟ್ ಕಂಬಕ್ಕೆ ಡಿಕ್ಕಿ ಹೊಡೆದ್ರೂ ಸಾರಿ ಅಂತಾರೆ. ಅಂದ್ಬಿಡು. ಕಳ್ಕೊಳ್ಳೋದೇನಿದೆ?”

ನಾನು ಬಾಯಿ ತೆರೆಯುವುದರಲ್ಲಿದ್ದೆ. ಶ್ರೀಧರ ನನಗಿಂತ ಮುಂಚೆ ಕನ್ನಡಕ ಏರಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮಗಳ ಕಡೆ ತಿರುಗಿದ.

“ಏನಂತ ಬರೀಲಿ ಮಗಳೇ?” ಎಂದ.

ನಾನಿದ್ದ ಮೂರು ವಾರದಲ್ಲಿ ಆ ಮನೆಯಲ್ಲಿ ಆ ಹುಡುಗಿಯನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಅವಳಿಗೂ ಅನಿರೀಕ್ಷಿತವಾಗಿರಬೇಕು, ಅಪ್ಪನನ್ನೇ ನೋಡುತ್ತಾ ಕೂತಳು, ಕಣ್ಣು ಕೆಂಪಾಯಿತು.

“ಲೀಮರ್ ಹುಷಾರಾಗಿದೆ ಅಂತ ಬರಿ ಅಪ್ಪ” ಎಂದಳು.

“ಅಷ್ಟೇನಾ?”

“ಅಷ್ಟೇ.”

ಶ್ರೀಧರ ಒಂದೊಂದೇ ಅಕ್ಷರ ಹುಡುಕಿ ಅಷ್ಟನ್ನೇ ಬರೆದ, ಕಳಿಸಿದ, ಫೋನನ್ನು ಬೋರಲು ಹಾಕಿ ಇಟ್ಟ. ಆಮೇಲೆ ದೋಸೆಯ ತಟ್ಟೆಯನ್ನು ಮೊದಲು ಮಗಳ ಮುಂದಕ್ಕೆ ಸರಿಸಿದ.